ಹೊರಗಿನ ಚಿಲಕ

ನನಗೆ ಹತ್ತು ವರ್ಷವಿದ್ದಾಗ ನಮ್ಮ ಮನೆಯ ಒಂದು ರೂಮಿಗೆ ಹೊರಗಿನಿಂದ ಚಿಲಕ ಹಾಕಿದ್ದರು. ಒಳಗಿದ್ದವರು ಚಿಕ್ಕತ್ತೆ, ಅಪ್ಪನ ಕೊನೇ ತಂಗಿ. ಆಗ ಅವರಿಗೆ ಇಪ್ಪತ್ತೈದು.

1986ರ ಬೇಸಿಗೆ ರಜೆ. ರಾಜಾಜಿನಗರದ ಹಳೇ ಮನೆ. ಒಂಬತ್ತು ದಿನ ಆ ಬಾಗಿಲು ತೆರೆಯುತ್ತಿದ್ದದ್ದು ಊಟದ ಹೊತ್ತಿಗೆ ಮತ್ತು ಬಚ್ಚಲಿಗೆ ಹೋಗುವಾಗ ಮಾತ್ರ. ಚಿಕ್ಕತ್ತೆ ಬ್ರಹ್ಮಾಕುಮಾರಿಯರ ಸೆಂಟರ್‌ನಲ್ಲಿ ಏಳು ದಿನದ ಕೋರ್ಸ್ ಮಾಡಿದ್ದರು. ಆಮೇಲೆ ಒಂದು ವರ್ಷ ದಿನಾ ಬೆಳಗ್ಗೆ ಮುರಳಿ ಕ್ಲಾಸಿಗೆ, ಅಂದರೆ ಅಲ್ಲಿ ದಿನಾ ಓದುವ ಉಪದೇಶ ಕೇಳೋಕೆ, ಹೋದರು. ಕೊನೆಗೊಂದು ದಿನ, ಗಂಡಿನ ಕಡೆಯವರು ನೋಡೋಕೆ ಬರುವ ಹಿಂದಿನ ಸಂಜೆ, "ನಾನು ಮದುವೆ ಆಗಲ್ಲ, ಸೆಂಟರ್‌ನಲ್ಲೇ ಇರ್ತೀನಿ" ಅಂತ ಹೇಳಿ ಹೊರಟುಹೋದರು. ಅಪ್ಪ, ದೊಡ್ಡಪ್ಪ ಇಬ್ಬರೂ ಹೋಗಿ ಆಟೋದಲ್ಲಿ ಕೂರಿಸಿಕೊಂಡು ಬಂದರು.

ಹಾಲಿನ ಲೋಟ ಕೊಡೋಕೆ ನನ್ನನ್ನು ಕಳಿಸುತ್ತಿದ್ದರು. ದೊಡ್ಡವರು ಹೋದರೆ ಮಾತಿಗೆ ಮಾತು ಬೆಳೆಯುತ್ತೆ ಅಂತ. ಚಿಕ್ಕತ್ತೆ ಹಾಲು, ಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ನಮ್ಮನೆ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಬೀಳುತ್ತಿತ್ತು. "ನೀವು ಯಾಕತ್ತೆ ಹಿಂಗಾದ್ರಿ?" ಅಂತ ಒಂದು ದಿನ ಕೇಳಿಬಿಟ್ಟೆ. "ಹೆಂಗಾದೆ ಪುಟ್ಟಾ?" ಅಂತ ಅವರೇ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಮೊದಲಿನ ಹಾಗೇ ಇದ್ದರು. ಸೀರೆ ಮಾತ್ರ ಬಿಳಿಯದಾಗಿತ್ತು.

ಸೆಂಟರ್‌ನಿಂದ ಇಬ್ಬರು ಅಕ್ಕಂದಿರು ಬಂದು ಜಗಲಿ ಮೇಲೆ ಕೂತರು. "ಒಂದು ಸಲ ನೋಡಿಕೊಂಡು ಹೋಗ್ತೀವಿ" ಅಂದರು. ನಾವು ಬಿಡಲಿಲ್ಲ. ಅವರು ಜಗಳ ಆಡಲಿಲ್ಲ. ಓಂ ಶಾಂತಿ ಅಂದು ಎದ್ದು ಹೋದರು. ಒಂಬತ್ತನೇ ದಿನ ಚಿಲಕ ತೆಗೆದದ್ದು ಅಜ್ಜಿ. "ಅಲ್ಲಾದ್ರೂ ಎರಡು ತುತ್ತು ತಿನ್ನು, ಹೋಗು" ಅಂತ ಅತ್ತುಬಿಟ್ಟರು.

ಆ ದಿನಗಳಲ್ಲಿ ಮನೆ ತುಂಬ ಕೇಳಿಬರುತ್ತಿದ್ದ ಮಾತು ಒಂದೇ. ಯಾರೋ ಮಂಕುಬೂದಿ ಎರಚಿದ್ದಾರೆ. ಪಕ್ಕದ ಮನೆಯವರು ತಲೆ ಕೆಡಿಸಿದ್ದಾರೆ ಅಂದರು. ಸ್ವಲ್ಪ ಓದಿದ್ದ ಮಾವ ಬ್ರೈನ್‌ವಾಶ್ ಅಂದರು. ನಾನು ಈ ಮಾತುಗಳ ಬಗ್ಗೆ ತುಂಬ ವರ್ಷ ಯೋಚನೆ ಮಾಡಿದ್ದೇನೆ. ಮೂರರಲ್ಲೂ ಚಿಕ್ಕತ್ತೆ ಇಲ್ಲವೇ ಇಲ್ಲ. ಎರಚಿದವರು ಇದ್ದಾರೆ, ಕೆಡಿಸಿದವರು ಇದ್ದಾರೆ, ತೊಳೆದವರು ಇದ್ದಾರೆ. ಚಿಕ್ಕತ್ತೆ ಬರೀ ಒಂದು ತಲೆ. ಹಾಗಂದುಕೊಂಡ ಮೇಲೆ ಆ ತಲೆಯನ್ನು ರೂಮಿನಲ್ಲಿ ಕೂಡಿಹಾಕೋದು ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ.

ಬ್ರೈನ್‌ವಾಶ್ ಅನ್ನೋದು ಹಳೇ ಮಾತೇನಲ್ಲ. 1950ರಲ್ಲಿ ಎಡ್ವರ್ಡ್ ಹಂಟರ್ ಅನ್ನೋ ಅಮೆರಿಕದ ಪತ್ರಕರ್ತ ಚೀನಾದ ಬಗ್ಗೆ ಬರೆಯುವಾಗ ಅದನ್ನು ಬಳಕೆಗೆ ತಂದ. ಕೊರಿಯಾ ಯುದ್ಧದ ಕೈದಿಗಳ ಬಗ್ಗೆ ಅದೇ ಮಾತು ಹಬ್ಬಿತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಅಪ್ಪ ಅಮ್ಮಂದಿರು ಹೊಸ ಪಂಥಗಳಿಗೆ ಸೇರಿದ ತಮ್ಮ ಮಕ್ಕಳ ಬಗ್ಗೆ ಅದನ್ನು ಹೇಳತೊಡಗಿದರು. ಟೆಡ್ ಪ್ಯಾಟ್ರಿಕ್ ಅನ್ನುವವನು ಅದನ್ನೇ ಕಸುಬು ಮಾಡಿಕೊಂಡ. ಹೆತ್ತವರು ದುಡ್ಡು ಕೊಟ್ಟರೆ ಮಗನನ್ನೋ ಮಗಳನ್ನೋ ಬಲವಂತವಾಗಿ ಎತ್ತಿಕೊಂಡು ಹೋಗಿ, ಎಲ್ಲಾದರೂ ರೂಮಿನಲ್ಲಿಟ್ಟು, ನಂಬಿಕೆ ಬಿಡುವವರೆಗೂ ದಿನಗಟ್ಟಲೆ ವಾದ ಮಾಡೋದು. ಕೊನೆಗೆ ಕೋರ್ಟು ಅವನನ್ನೇ ಜೈಲಿಗೆ ಕಳಿಸಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾಜಾಜಿನಗರದ ಆ ಬಾಗಿಲು ಕಣ್ಣಿಗೆ ಬಂತು.

ಅದೇ ಸುಮಾರಿಗೆ ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಬೇರೆ ದಾರಿ ಹಿಡಿದರು. ಕೊರಿಯಾದಲ್ಲಿ ಹುಟ್ಟಿದ ಯೂನಿಫಿಕೇಶನ್ ಚರ್ಚ್ ಎಳೆಯರ ತಲೆ ತೊಳೆಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾಗ ಇವರು ಹೋಗಿ ಎಣಿಸಿದರು. 1979ರಲ್ಲಿ ಲಂಡನ್ ಸುತ್ತಮುತ್ತ ಅವರ ಶಿಬಿರಗಳಿಗೆ ಹೋದವರು ಸಾವಿರಕ್ಕೂ ಜಾಸ್ತಿ. ಅವರಲ್ಲಿ ನೂರಕ್ಕೆ 90 ಜನ ಸೇರಲೇ ಇಲ್ಲ. ಸೇರಿದವರಲ್ಲೂ ಹೆಚ್ಚಿನವರು ಎರಡು ವರ್ಷದೊಳಗೆ ಬಿಟ್ಟು ಬಂದರು. ಬೂದಿಗೆ ಅಷ್ಟೊಂದು ಶಕ್ತಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಚಿಕ್ಕತ್ತೆ ಸೇರಿದ ಪಂಥವೂ ಇಂಥದ್ದೇ ಬೆಂಕಿಯಲ್ಲಿ ಹಾದು ಬಂದದ್ದು. ಅದು ಶುರುವಾದದ್ದು ಮೂವತ್ತರ ದಶಕದಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಹೈದರಾಬಾದಿನಲ್ಲಿ. ಆಗ ಅದರ ಹೆಸರು ಓಂ ಮಂಡಲಿ. ವಜ್ರದ ವ್ಯಾಪಾರಿ ಲೇಖರಾಜ್ ಕೃಪಲಾನಿ ಸತ್ಸಂಗ ಶುರುಮಾಡಿದರು. ಬಂದವರಲ್ಲಿ ಹೆಂಗಸರೇ ಜಾಸ್ತಿ. ಅವರು ಬ್ರಹ್ಮಚರ್ಯ ಪಾಲಿಸುತ್ತೇವೆ ಅಂದಾಗ ಗಂಡಂದಿರು, ಮಾವಂದಿರು ಸಿಟ್ಟಾದರು. 1938ರಲ್ಲಿ ಊರಿನ ದೊಡ್ಡ ಮನುಷ್ಯರು ಸೇರಿ ವಿರೋಧಿ ಸಮಿತಿ ಕಟ್ಟಿ ಬಾಗಿಲ ಮುಂದೆ ಪಿಕೆಟಿಂಗ್ ಮಾಡಿದರು. ಮಂಡಲಿ ಕರಾಚಿಗೆ ಹೋಯಿತು. ದೇಶ ಒಡೆದ ಮೇಲೆ, 1950ರಲ್ಲಿ, ಮೌಂಟ್ ಅಬುಗೆ ಬಂತು. ಆ ಊರಿನವರು ಕೂಗಾಡಿದ್ದು ಹೆಚ್ಚಾಗಿ ದೇವರ ವಿಷಯಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಹೆಂಗಸು 'ಬೇಡ' ಅಂದದ್ದಕ್ಕೆ. ನಮ್ಮ ಮನೆಯಲ್ಲೂ ಅಷ್ಟೇ. ಚಿಕ್ಕತ್ತೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತಿದ್ದಾಗ ಒಂದು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮದುವೆ ಬೇಡ ಅಂದ ಸಂಜೆಯೇ ಮಂಕುಬೂದಿ ಬಂತು.

ಅವರ ನಂಬಿಕೆಗಳನ್ನು ನಾನು ಒಪ್ಪುವುದಿಲ್ಲ. ಐದು ಸಾವಿರ ವರ್ಷಕ್ಕೊಂದು ಸಲ ಕಾಲಚಕ್ರ ಪೂರ್ತಿ ಸುತ್ತುತ್ತದೆ, ಇದೆಲ್ಲ ಹಿಂದೆಯೂ ಹೀಗೇ ನಡೆದಿತ್ತು ಅನ್ನೋದು ನನ್ನ ಬುದ್ಧಿಗೆ ಹೊಂದುವುದಿಲ್ಲ. ಇನ್ನೊಂದು ವಿಷಯವಂತೂ ನೋವು ಕೊಟ್ಟಿದೆ. ಆಮೇಲಿನ ವರ್ಷಗಳಲ್ಲಿ ಚಿಕ್ಕತ್ತೆ ಹಬ್ಬಕ್ಕೆ ಬರುತ್ತಿದ್ದರು, ಆದರೆ ನಮ್ಮನೆ ಅಡುಗೆ ಊಟ ಮಾಡುತ್ತಿರಲಿಲ್ಲ. ಪರಮಾತ್ಮನ ನೆನಪಿನಲ್ಲಿ ತಾವೇ ಮಾಡಿದ್ದು, ಇಲ್ಲಾ ಅವರವರೇ ಮಾಡಿದ್ದು ಮಾತ್ರ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಡಿಯಲ್ಲಿ ಒಬ್ಬಟ್ಟು ಮಾಡಿಟ್ಟು ಅಜ್ಜಿ ಕಾದದ್ದು ನನಗೆ ನೆನಪಿದೆ. ಚಿಕ್ಕತ್ತೆ ಮುಟ್ಟಲಿಲ್ಲ. ಬಾಳೆಹಣ್ಣು ತಿಂದು, ನೀರು ಕುಡಿದು ಹೋದರು. ಅಜ್ಜಿ ಆ ಒಬ್ಬಟ್ಟನ್ನು ಹಸುವಿಗೆ ಕೊಟ್ಟರು. ತಾಯಿ ಕೈತುತ್ತನ್ನು ಬೇಡ ಅನ್ನಿಸುವ ನಿಯಮ ಒಳ್ಳೆಯದು ಅಂತ ನನಗೆ ಇವತ್ತಿಗೂ ಹೇಳೋಕಾಗಲ್ಲ.

ಆದರೆ ಸೆಂಟರ್‌ನ ಬಾಗಿಲು ನಮಗೆ ತೆರೆದೇ ಇತ್ತು. ಕಾಲೇಜಿನಲ್ಲಿದ್ದಾಗ ನಾನು ಎಷ್ಟೋ ಸಲ ಹೋಗಿದ್ದೇನೆ. ಗಂಟೆಗೊಂದು ಸಲ ಅಲ್ಲಿ ಹಾಡು ಹಾಕುತ್ತಾರೆ. ಮಾತಾಡುತ್ತಿದ್ದವರು, ತರಕಾರಿ ಹೆಚ್ಚುತ್ತಿದ್ದವರು ಎಲ್ಲರೂ ಇದ್ದಲ್ಲೇ ನಿಂತುಬಿಡುತ್ತಾರೆ. ಅದಕ್ಕೆ ಟ್ರಾಫಿಕ್ ಕಂಟ್ರೋಲ್ ಅಂತ ಹೆಸರು, ಮನಸ್ಸಿನ ಟ್ರಾಫಿಕ್ಕಿಗೆ. ನಾನೂ ಸುಮ್ನೆ ನಿಲ್ಲುತ್ತಿದ್ದೆ. ಯಾರೂ ಸೇರು ಅನ್ನಲಿಲ್ಲ, ದುಡ್ಡು ಕೇಳಲಿಲ್ಲ.

ಅದೇ ರಾಜಾಜಿನಗರದಲ್ಲಿ ಈಗ ಇಸ್ಕಾನ್ ಗುಡಿ ಇರುವ ಗುಡ್ಡ ನಾವು ಚಿಕ್ಕವರಿದ್ದಾಗ ಬರೀ ಬಂಡೆ. ತಲೆ ಬೋಳಿಸಿ ಜುಟ್ಟು ಬಿಟ್ಟು ಪುಸ್ತಕ ಮಾರಲು ಬರುತ್ತಿದ್ದ ಹುಡುಗರನ್ನು ಕಂಡರೆ ನಮ್ಮ ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮೆರಿಕದ ದುಡ್ಡು, ಸಿಐಎ ಕಡೆಯವರು, ನಮ್ಮ ಮಕ್ಕಳನ್ನು ಸನ್ಯಾಸಿ ಮಾಡ್ತಾರೆ ಅನ್ನೋ ಮಾತು. 1997ರಲ್ಲಿ ರಾಷ್ಟ್ರಪತಿ ಶಂಕರ ದಯಾಳ ಶರ್ಮ ಬಂದು ಗುಡಿ ಉದ್ಘಾಟನೆ ಮಾಡಿದರು. 2000ದಲ್ಲಿ ಅಲ್ಲಿಂದಲೇ ಅಕ್ಷಯ ಪಾತ್ರದ ಊಟ ಐದು ಶಾಲೆಗಳ 1,500 ಮಕ್ಕಳಿಗೆ ಹೋಗೋಕೆ ಶುರುವಾಯಿತು. ಈಗ ವೈಕುಂಠ ಏಕಾದಶಿ ದಿನ ಅದೇ ಬೀದಿಯವರು ಅಲ್ಲಿ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಾರೆ. ಪ್ರಭುಪಾದರು 1966ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಚಳವಳಿಯ ಪುಸ್ತಕ ಅದೇ, ಮಂತ್ರ ಅದೇ, ಜುಟ್ಟೂ ಅದೇ. ಕಟ್ಟಡ ಮಾತ್ರ ದೊಡ್ಡದಾಗಿದೆ.

2011ರಲ್ಲಿ ರಷ್ಯಾದ ತೋಮ್ಸ್ಕ್ ಊರಿನಲ್ಲಿ ಪ್ರಭುಪಾದರ ಗೀತೆಯ ವ್ಯಾಖ್ಯಾನವನ್ನು ಉಗ್ರವಾದದ ಪುಸ್ತಕ ಅಂತ ನಿಷೇಧ ಮಾಡಬೇಕು ಅನ್ನೋ ಕೇಸು ನಡೆಯಿತು. ನಮ್ಮ ಲೋಕಸಭೆಯಲ್ಲಿ ಗಲಾಟೆಯಾಯಿತು. ಆ ಡಿಸೆಂಬರಿನಲ್ಲಿ ಅಲ್ಲಿನ ಕೋರ್ಟು ಕೇಸನ್ನು ತಳ್ಳಿಹಾಕಿತು. ಟಿವಿ ಮುಂದೆ ಕೂತು ಅಪ್ಪನಿಗೆ ಸಿಟ್ಟು ಬಂದಿತ್ತು. "ಗೀತೆ ಓದೋರನ್ನ ಅನುಮಾನದಿಂದ ನೋಡ್ತಾರಲ್ಲ, ಇವರಿಗೇನು ಗೊತ್ತು?" ಅಂದರು. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಅನುಮಾನ ಬರೀ ಮಾತಾಗಿ ಉಳಿದರೆ ಸಹಿಸಬಹುದು. 1982ರ ಏಪ್ರಿಲ್ 30ರಂದು ಕಲ್ಕತ್ತದ ಬಿಜನ್ ಸೇತು ಹತ್ತಿರ ಆನಂದ ಮಾರ್ಗ ಅನ್ನೋ ಪಂಥದ 17 ಸನ್ಯಾಸಿ, ಸನ್ಯಾಸಿನಿಯರನ್ನು ಹಾಡಹಗಲೇ ಬಡಿದು ಸುಟ್ಟರು. ಮಕ್ಕಳ ಕಳ್ಳರು ಅನ್ನೋ ಸುದ್ದಿ ಹಬ್ಬಿತ್ತು. ಯಾರಿಗೂ ಶಿಕ್ಷೆ ಆಗಲಿಲ್ಲ. ಕೇಸರಿ ಬಟ್ಟೆ, ತಲೆಬುರುಡೆ ಹಿಡಿದು ತಾಂಡವ ನೃತ್ಯ, ಅರ್ಥವಾಗದ ಶಿಸ್ತು. ಇಂಥವರು ಏನು ಮಾಡೋಕೂ ಹೇಸುವವರಲ್ಲ ಅಂತ ಊರು ಮೊದಲೇ ತೀರ್ಮಾನ ಮಾಡಿರುತ್ತೆ. ಅದು ದೂರದ ಕಲ್ಕತ್ತ, ಹಳೇ ಕಾಲ ಅಂತ ಅಂದುಕೊಂಡಿದ್ದೆ. 2018ರ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲೇ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಇದೇ ಮಕ್ಕಳ ಕಳ್ಳ ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಹೊಡೆದು ಕೊಂದರು. ಅವನು ಯಾವ ಪಂಥದವನೂ ಅಲ್ಲ. ಗುರುತಿಲ್ಲದವನು, ಅಷ್ಟೇ ಸಾಕಾಯಿತು.

ಇನ್ನೊಂದು ಕಡೆಯ ಭಯವೂ ಸುಳ್ಳಲ್ಲ. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ, ಜಿಮ್ ಜೋನ್ಸ್ ಅನ್ನೋ ಅಮೆರಿಕದ ಗುರುವಿನ ಪಂಥ ಕಟ್ಟಿಕೊಂಡಿದ್ದ ಊರಿನಲ್ಲಿ, 909 ಜನ ಸತ್ತರು, ಹೆಚ್ಚಿನವರು ವಿಷದಿಂದ. ಅವರಲ್ಲಿ ಮಕ್ಕಳೇ ಮುನ್ನೂರರಷ್ಟು. ಅಲ್ಲಿಗೆ ನೋಡಲು ಹೋಗಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ತಂಡದ ಕೈಗೆ ಒಳಗಿನವರು ಗುಟ್ಟಾಗಿ ಚೀಟಿ ಕೊಟ್ಟಿದ್ದರು. ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಅಂತ. ವಾಪಸ್ ಹೊರಟಾಗ ರಯಾನ್‌ರನ್ನೂ ಗುಂಡಿಟ್ಟು ಕೊಂದರು. ಚೀಟಿ ಕೊಟ್ಟವರ ಕೈ ಹೇಗೆ ನಡುಗಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಜ್ಜಿಗೆ ಜೋನ್ಸ್‌ಟೌನ್ ಗೊತ್ತಿರಲಿಲ್ಲ. ಆದರೆ ಅವರ ಭಯ ಅಂಥದ್ದೇ. ಮಗಳು ಬಾಗಿಲೊಳಗೆ ಹೋದರೆ ಮತ್ತೆ ಬರಲ್ಲ ಅನ್ನೋದು. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ.

ಹಾಗಾದರೆ ಹೇಗೆ ನೋಡಬೇಕಿತ್ತು? ಬೆಂಗಳೂರಿನಲ್ಲೇ ಒಬ್ಬರು ತೋರಿಸಿಕೊಟ್ಟಿದ್ದರು. ಎಚ್. ನರಸಿಂಹಯ್ಯನವರು, ನಮಗೆಲ್ಲ ಎಚ್ಚೆನ್. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ನಮ್ಮ ಮುಂದೆ ಪವಾಡ ಮಾಡಿ ತೋರಿಸಿ ಅಂತ ಕೇಳಿದರು. ಒಂದಲ್ಲ, ಮೂರು ಪತ್ರ. ಉತ್ತರ ಬರಲಿಲ್ಲ. ಬೈಗುಳ ಮಾತ್ರ ತುಂಬ ಬಂತು, ಓದಿದವರಿಂದಲೇ. ಭಕ್ತರ ಮನಸ್ಸು ನೋಯಿಸಬಾರದು ಅಂತ. ಎಚ್ಚೆನ್ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ರೂಮಿನಲ್ಲಿ ಖಾದಿ ಬಟ್ಟೆಯಲ್ಲಿ ಬದುಕಿದ ಮನುಷ್ಯ. 2005ರ ಜನವರಿಯಲ್ಲಿ ತೀರಿಕೊಂಡರು. ಅವರು ಭಕ್ತರನ್ನು ಹಂಗಿಸಲಿಲ್ಲ, ಯಾರನ್ನೂ ಓಡಿಸಿ ಅನ್ನಲಿಲ್ಲ. ಕೇಳಬೇಕಾದವರನ್ನೇ ನೇರವಾಗಿ ಕೇಳಿದರು. ವೈಟ್‌ಫೀಲ್ಡಿನಲ್ಲಿ 2001ರಿಂದ ಬಾಬಾ ಹೆಸರಿನ ಆಸ್ಪತ್ರೆ ಬಡವರಿಗೆ ದುಡ್ಡಿಲ್ಲದೆ ಹೃದಯದ ಆಪರೇಷನ್ ಮಾಡುತ್ತಿದೆ. ನಮ್ಮ ಹೂವಿನ ಅಂಗಡಿಯವರ ಮಗ ಅಲ್ಲೇ ಬದುಕಿ ಬಂದ. ಆಸ್ಪತ್ರೆಗೆ ಕೈಮುಗಿಯುತ್ತೇನೆ. ಎಚ್ಚೆನ್ ಅವರ ಪ್ರಶ್ನೆಯನ್ನೂ ಇಟ್ಟುಕೊಳ್ಳುತ್ತೇನೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಯಾಕೋ ನಮ್ಮ ಜನಕ್ಕೆ ಕೋಪ ಬರುತ್ತೆ.

ಕಾನೂನು ನಮಗಿಂತ ಮುಂದಿತ್ತು ಅಂತಲೂ ಅನ್ನಿಸುತ್ತೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಯೆಹೋವನ ಸಾಕ್ಷಿಗಳ ಪಂಥದ ಮೂರು ಮಕ್ಕಳನ್ನು ಹೊರಗೆ ಹಾಕಿದರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಹಾಗೆ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಆ ನಂಬಿಕೆ ನಮಗೆ ವಿಚಿತ್ರ ಅನ್ನಿಸಿದರೂ ಅದು ಅವರ ಮನಸ್ಸಿನಿಂದ ಬಂದದ್ದಾಗಿದ್ದರೆ ಕಾಪಾಡಬೇಕು ಅನ್ನೋದು ತೀರ್ಪಿನ ಸಾರ. ನಮ್ಮ ಮನೆಯಲ್ಲಿ ಚಿಲಕ ಬಿದ್ದ ವರ್ಷವೂ ಅದೇ.

ಈಗ ದೊಡ್ಡಪ್ಪನ ಮಗನ ವಿಷಯ. ನನಗಿಂತ ಆರು ವರ್ಷ ಚಿಕ್ಕವನು, ಸಾಫ್ಟ್‌ವೇರ್ ಕೆಲಸ. ಅವನು ಹೇಳು ಅಂದದ್ದಕ್ಕೇ ಬರೆಯುತ್ತಿದ್ದೇನೆ.

2013ರಲ್ಲಿ ಅವನು ಒಂದು ಗುಂಪಿಗೆ ಸೇರಿದ. ಅದಕ್ಕೆ ದೊಡ್ಡ ಹೆಸರಿಲ್ಲ, ಗುಡಿಯಿಲ್ಲ. ಯಾರದೋ ಫ್ಲ್ಯಾಟಿನಲ್ಲಿ ಭಾನುವಾರ ಸತ್ಸಂಗ. ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿ. ಬರುವವರೆಲ್ಲ ಇಂಜಿನಿಯರು, ಡಾಕ್ಟರು. ಗೋಡೆ ಮೇಲೆ ನಮ್ಮ ದೇವರ ಫೋಟೋಗಳೇ. ಕುಡಿತ ಬಿಟ್ಟ, ಬೇಗ ಏಳುತ್ತಾನೆ ಅಂತ ದೊಡ್ಡಮ್ಮ ಹೇಳಿಕೊಂಡು ಓಡಾಡಿದರು. ಮಂಕುಬೂದಿ ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬಿಳಿ ಸೀರೆ ಕಂಡು ಬೆಚ್ಚಿದ ಮನೆ ಇದು. ಪ್ಯಾಂಟು ಶರ್ಟು ಕಂಡು ನಿಶ್ಚಿಂತೆಯಿಂದ ಇತ್ತು.

ಒಳಗೆ ನಡೆದದ್ದು ಬೇರೆ. ಹಂತ ಹಂತವಾಗಿ ದೀಕ್ಷೆ, ಪ್ರತಿ ಹಂತಕ್ಕೂ ದುಡ್ಡು. ತನ್ನ ತಪ್ಪುಗಳನ್ನೆಲ್ಲ ಬರೆದು ಗುರುವಿನ ಕೈಗೆ ಕೊಡಬೇಕು. ಆ ಹಾಳೆಗಳು ಅವರ ಹತ್ತಿರವೇ ಇರುತ್ತವೆ. ಶಿಬಿರದಲ್ಲಿ ನಿದ್ದೆ ಮೂರೇ ಗಂಟೆ, ಫೋನ್ ಅವರ ಕೈಗೆ. ಪ್ರಶ್ನೆ ಕೇಳಿದರೆ ಅಹಂಕಾರ. ಬಿಟ್ಟು ಹೋದವರ ಹೆಸರು ಹೇಳುವ ಹಾಗಿಲ್ಲ. ಹೆಂಡತಿ ಬೇಡ ಅಂದದ್ದಕ್ಕೆ ಅವಳೇ ನಿನ್ನ ಅಡ್ಡಿ ಅಂದರು. ಅವನು ಹನ್ನೊಂದು ಲಕ್ಷ ಸಾಲ ಮಾಡಿದ. ದೊಡ್ಡಮ್ಮ ತೀರಿಕೊಂಡಾಗ ಶಿಬಿರದಲ್ಲಿದ್ದ. ಹನ್ನೊಂದನೇ ದಿನ ಬಂದು ಅರ್ಧ ಗಂಟೆ ಇದ್ದು ಹೋದ. ಅದನ್ನು ಹೇಳುವಾಗ ಅವನಿಗೆ ಈಗಲೂ ಧ್ವನಿ ಬರುವುದಿಲ್ಲ.

ಹೊರಗೆ ಬಂದದ್ದು 2019ರಲ್ಲಿ. ಅವನ ಜೊತೆ ಓದಿದ ಒಬ್ಬ ಗೆಳೆಯ ಆ ಆರು ವರ್ಷವೂ ತಿಂಗಳಿಗೊಂದು ಸಲ ಫೋನ್ ಮಾಡುತ್ತಿದ್ದ. ಗುರುವಿನ ಬಗ್ಗೆ ಒಂದು ಮಾತು ಎತ್ತುತ್ತಿರಲಿಲ್ಲ. ಕ್ರಿಕೆಟ್ಟು, ಮಳೆ, ಹಳೇ ಮೇಷ್ಟ್ರು. ಎಷ್ಟೋ ಸಲ ಇವನು ಎತ್ತುತ್ತಲೂ ಇರಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಇವನೇ ಫೋನ್ ಮಾಡಿದ. ಗೆಳೆಯ "ಎಲ್ಲಿದ್ದೀಯ, ಬರ್ತೀನಿ" ಅಂದನಂತೆ. ಅಷ್ಟೇ.

ಬಂದ ಮೇಲೆ ನಾವು ಏನು ಮಾಡಿದೆವು? ಮದುವೆ ಛತ್ರದಲ್ಲಿ ಸಿಕ್ಕವರೆಲ್ಲ, "ಏನ್ ಸ್ವಾಮಿಗಳೇ, ಆಶೀರ್ವಾದ ಮಾಡಿ" ಅಂತ ನಕ್ಕರು. "ಅಷ್ಟು ಓದಿದೋನು, ಅದು ಹೇಗೆ ಬಿದ್ದೆಯೋ?" ಅಂದರು. ಓದಿದವರು ಬೀಳುವುದಿಲ್ಲ ಅನ್ನೋದು ಈ ಊರಿನ ಗಟ್ಟಿ ನಂಬಿಕೆ. 1995ರಲ್ಲಿ ಟೋಕಿಯೋದ ರೈಲಿನಲ್ಲಿ ಓಂ ಶಿನ್‌ರಿಕ್ಯೋ ಪಂಥದ ಪರವಾಗಿ ಸಾರಿನ್ ವಿಷ ಬಿಟ್ಟವರಲ್ಲಿ ಹೃದಯದ ಡಾಕ್ಟರೂ ಇದ್ದ, ಭೌತಶಾಸ್ತ್ರ ಓದಿದವರೂ ಇದ್ದರು. ಓದಿಗೂ ಇದಕ್ಕೂ ಸಂಬಂಧ ಕಡಿಮೆ. ಒಂಟಿತನಕ್ಕೆ, ಏನೋ ದೊಡ್ಡದು ಬೇಕು ಅನ್ನೋ ಹಸಿವಿಗೆ ಸಂಬಂಧ ಜಾಸ್ತಿ.

ಛತ್ರದ ಆ ಸಂಜೆ ನಾನೂ ನಕ್ಕಿದ್ದೆ. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಆಮೇಲೆ ಎರಡು ವರ್ಷ ಅವನು ಯಾವ ಸಮಾರಂಭಕ್ಕೂ ಬರಲಿಲ್ಲ. ಕೊನೆಗೊಂದು ದಿನ ನನ್ನ ಹತ್ತಿರ ಹೇಳಿದ. ಇದು ಸರಿಯಿಲ್ಲ ಅಂತ ಅವನಿಗೆ ಮೂರನೇ ವರ್ಷವೇ ಗೊತ್ತಾಗಿತ್ತಂತೆ. ಆದರೂ ಇನ್ನೂ ಮೂರು ವರ್ಷ ಅಲ್ಲೇ ಇದ್ದ. "ಬಂದ್ರೆ ನೀವೆಲ್ಲ ನಗ್ತೀರ ಅಂತ ಗೊತ್ತಿತ್ತು ಕಣಕ್ಕ. ಅದಕ್ಕಿಂತ ಅಲ್ಲೇ ಇರೋದು ಸುಲಭ ಅನ್ನಿಸ್ತಿತ್ತು."

ಇಂಥ ಗುಂಪುಗಳ ಸುದ್ದಿ ಬಂದಾಗ ನಾವು ಟಿವಿ ಮುಂದೆ ಹೇಗೆ ಕೂರುತ್ತೇವೆ ಅನ್ನೋದು ನೆನಪಾಯಿತು. 2010ರಲ್ಲಿ ಬಿಡದಿ ಆಶ್ರಮದ ಸುದ್ದಿ ಬಂದಾಗ ಹಗಲೂ ರಾತ್ರಿ ಅದೇ ವಿಡಿಯೊ. ಅಲ್ಲಿ ಇದ್ದವರ ಮನೆಯವರು ಆ ವಾರ ಹೇಗೆ ಬೀದಿಗೆ ಇಳಿದಿರಬಹುದು, ಒಳಗಿಂದ ಹೊರಗೆ ಬರಬೇಕು ಅಂದುಕೊಂಡವರು ಯಾವ ಮುಖ ಇಟ್ಟುಕೊಂಡು ಬರಬೇಕು ಅಂತ ನಾವ್ಯಾರೂ ಮಾತಾಡಲಿಲ್ಲ. ನೋಡಿದೆವು, ನಕ್ಕೆವು, ಚಾನೆಲ್ ಬದಲಾಯಿಸಿದೆವು.

ಹೋದ ತಿಂಗಳು ಚಿಕ್ಕತ್ತೆ ಮನೆಗೆ ಬಂದಿದ್ದರು. ಈಗ ಅರವತ್ತು ದಾಟಿದೆ, ಮಂಡಿ ನೋವು. ದೊಡ್ಡಪ್ಪನ ಮಗನೂ ಬಂದಿದ್ದ. ಅವರಿಬ್ಬರೂ ಒಟ್ಟಿಗೆ ಕೂತು ಮಾತಾಡಿದ್ದು ನಾನು ನೋಡಿದ್ದು ಅದೇ ಮೊದಲು. ಅವನು ಹಿಂದೆ ಮುಂದೆ ನೋಡದೆ ಕೇಳಿಬಿಟ್ಟ. "ಅತ್ತೆ, ನಿಮಗೆ ಯಾವತ್ತೂ ಬಿಟ್ಟು ಬರೋಣ ಅನ್ನಿಸಲೇ ಇಲ್ವಾ?"

ಚಿಕ್ಕತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ಸಲ ಅನ್ನಿಸಿತ್ತು" ಅಂದರು. "ಅಮ್ಮ ಹೋದಾಗ ಒಂದು ಸಲ. ಅದಕ್ಕೂ ಮುಂಚೆ, ಸೇರಿದ ಎರಡನೇ ವರ್ಷ. ಅಲ್ಲಿ ಯಾರೂ ತಡೀತಿರಲಿಲ್ಲ. ಹೋಗ್ತೀನಿ ಅಂದಿದ್ರೆ ಬಸ್ ಚಾರ್ಜ್ ಕೊಟ್ಟು ಕಳಿಸ್ತಿದ್ರು. ಆದ್ರೆ ಬಾಗಿಲಲ್ಲಿ ನಿಂತ್ರೆ ಅಣ್ಣಂದಿರು 'ನಾವು ಅವತ್ತೇ ಹೇಳಿರಲಿಲ್ವಾ' ಅಂತಾರೆ. ಅದನ್ನ ಕೇಳೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಆಮೇಲೆ ಮನಸ್ಸು ಅಲ್ಲೇ ನಿಂತಿತು. ಈಗ ಚೆನ್ನಾಗೇ ಇದೀನಿ."

ಅಪ್ಪ ಈಜಿ ಚೇರ್‌ನಲ್ಲಿ ಕೂತಿದ್ದರು. ಎಂಬತ್ತೆರಡು ವರ್ಷ, ಕಿವಿ ಮಂದ. ಕೇಳಿಸಿಲ್ಲ ಅಂದುಕೊಂಡೆ. ಅವರು ಕೋಲು ಊರಿಕೊಂಡು ಎದ್ದು ಅಡುಗೆಮನೆಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಎದ್ದು ನೋಡೋಣ ಅನ್ನುವಷ್ಟರಲ್ಲಿ ಬಂದರು. ಒಂದು ತಟ್ಟೆಯಲ್ಲಿ ಸೀಬೆಹಣ್ಣು ಹೆಚ್ಚಿ ತಂದಿದ್ದರು. ಹೋಳುಗಳು ಒಂದೊಂದೂ ಒಂದೊಂದು ಆಕಾರ. ತಂಗಿಯ ಮುಂದೆ ಇಟ್ಟರು. "ಚಾಕು ತೊಳೆದೇ ಹೆಚ್ಚಿದೀನಮ್ಮ" ಅಂದರು.

ಚಿಕ್ಕತ್ತೆ ಒಂದು ಹೋಳು ತಗೊಂಡರು.